ರಕ್ತ ಕಮ್ಮಿ ಐತಿ ಅಂದಾಗ ಯಾರೂ ಕೇಳದ ಪ್ರಶ್ನೆ

ಹೊಳಲು, ಮಾಗಳ, ಹಿರೇಹಡಗಲಿ ಕಡೆಯ ಹೆಂಗಸರನ್ನು ಯಾಕವ್ವಾ ಇಷ್ಟು ಸೊರಗಿದೀ ಎಂದು ಕೇಳಿ ನೋಡಿ. ಹೆಚ್ಚಿನವರ ಉತ್ತರ ಒಂದೇ: "ಮೈಯಾಗ ರಕ್ತ ಕಮ್ಮಿ ಐತಂತ್ರೀ." ಹೇಳಿದವರು ಊರಿನ ಆಶಾ ಕಾರ್ಯಕರ್ತೆ ಇರಬಹುದು, ಆಸ್ಪತ್ರೆಯ ನರ್ಸಮ್ಮ ಇರಬಹುದು. ಬೆರಳ ತುದಿ ಚುಚ್ಚಿ ಒಂದು ಹನಿ ತೆಗೆದು, ಹಿಮೋಗ್ಲೋಬಿನ್ ಎಂಟೋ ಒಂಬತ್ತೋ ಎಂದು ತಾಯಿ ಕಾರ್ಡಿನಲ್ಲಿ ಬರೆದು, ಕೆಂಪು ಮಾತ್ರೆಯ ಹಾಳೆ ಕೈಗಿತ್ತು ಕಳಿಸುತ್ತಾರೆ. ಹೈಸ್ಕೂಲಿನ ಹುಡುಗಿಗೆ ನೀಲಿ ಮಾತ್ರೆ, ಪ್ರಾಥಮಿಕ ಶಾಲೆಯ ಮಕ್ಕಳಿಗೆ ಗುಲಾಬಿ ಮಾತ್ರೆ. 2018ರಲ್ಲಿ ಅನೀಮಿಯಾ ಮುಕ್ತ ಭಾರತ ಯೋಜನೆ ಬಂದ ಮೇಲೆ ಈ ಮೂರು ಬಣ್ಣಗಳ ಪರಿಚಯವಿಲ್ಲದ ಮನೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಸಿಗುವುದು ಅಪರೂಪ.

ರೋಗ ದೊಡ್ಡದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ. 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8. ಹಿಂದಿನ ಸಮೀಕ್ಷೆಗೆ ಹೋಲಿಸಿದರೆ ಎರಡೂ ಏರಿವೆ, ಇಳಿದಿಲ್ಲ. ಸಂಡೂರಿನ ಬೆಟ್ಟಗಳಿಂದ ಲಾರಿಗಟ್ಟಲೆ ಕಬ್ಬಿಣ ಹೊರಟ ಜಿಲ್ಲೆಯ ಪಕ್ಕದಲ್ಲೇ ಇದ್ದೂ ಇಲ್ಲಿಯ ಜನರ ಮೈಯಲ್ಲಿ ಕಬ್ಬಿಣವಿಲ್ಲ ಎಂದು ವ್ಯಂಗ್ಯ ಮಾಡುವವರಿದ್ದಾರೆ. ಅದಿರಿನ ಕಬ್ಬಿಣ ನೀರಿನಲ್ಲಿ ಕರಗದ ಆಕ್ಸೈಡ್. ಆ ಕೆಂಪು ಧೂಳು ಕುಡಿದರೆ ಕೆಮ್ಮು ಬರುತ್ತದೆಯೇ ಹೊರತು ರಕ್ತ ಬರುವುದಿಲ್ಲ.

ಮಾತ್ರೆ ಕೊಡುವುದು ಸರಿಯೇ. ನಮ್ಮಲ್ಲಿ ರಕ್ತಹೀನತೆಗೆ ಮೊದಲ ಕಾರಣ ಕಬ್ಬಿಣದ ಕೊರತೆ, ಅದಕ್ಕೆ ಜತೆಯಾಗಿ ಜಂತುಹುಳು, ಮೇಲಿಂದ ಮೇಲೆ ಹೆರಿಗೆ, ಸೊಪ್ಪು-ಕಾಳು ಕಾಣದ ಊಟ. ಆದರೆ ಮೂರು ತಿಂಗಳು ತಪ್ಪದೆ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದವರೂ ಇರುತ್ತಾರೆ. ಅವರಲ್ಲಿ ಕೆಲವರಿಗೆ ಬಿ12 ಕೊರತೆ, ಕೆಲವರಿಗೆ ಹುಟ್ಟಿನಿಂದ ಬಂದ ತಲಸ್ಸೀಮಿಯಾ. ಇನ್ನು ಕೆಲವರ ರಕ್ತದಲ್ಲಿ ಇರಬೇಕಾದ ಲೋಹದ ಬದಲು ಇರಬಾರದ ಲೋಹ ಕುಳಿತಿರುತ್ತದೆ. ಎಲ್ಲಿ ಕೆಲಸ ಮಾಡುತ್ತೀರಿ, ಯಾವ ಪಾತ್ರೆಯಲ್ಲಿ ಅಡುಗೆ, ಮನೆಯಲ್ಲಿ ಬ್ಯಾಟರಿ ಒಡೆಯುತ್ತೀರಾ ಎಂದು ಕೇಳದೆ ಅದು ಗೊತ್ತಾಗುವುದಿಲ್ಲ. ಆ ಪ್ರಶ್ನೆ ನಮ್ಮ ಯಾವ ಕಾರ್ಡಿನಲ್ಲೂ ಇಲ್ಲ.

ಭಾರಲೋಹಗಳ ಪೈಕಿ ರಕ್ತಕ್ಕೆ ಅತಿ ಹೆಚ್ಚು ಕಾಟ ಕೊಡುವುದು ಸೀಸ. ಅದು ಏನು ಮಾಡುತ್ತದೆ ಎಂದು ತಿಳಿಯಲು ಕೆಂಪು ರಕ್ತಕಣದ ಸಂಸಾರ ಸ್ವಲ್ಪ ನೋಡಬೇಕು. ನಮ್ಮ ಮೂಳೆಯ ಮಜ್ಜೆ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಕೆಂಪು ಕಣಗಳನ್ನು ಹುಟ್ಟಿಸುತ್ತದೆ. ಒಂದೊಂದು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು. ಒಂದೊಂದು ಅಣುವಿನಲ್ಲಿ ನಾಲ್ಕು ಹೀಮ್ ಉಂಗುರಗಳು. ಒಂದೊಂದು ಉಂಗುರದ ನಡುವೆ ಒಂದು ಕಬ್ಬಿಣದ ಪರಮಾಣು. ನಾವು ಉಸಿರಾಡಿದ ಆಮ್ಲಜನಕ ಹೋಗಿ ಹಿಡಿದುಕೊಳ್ಳುವುದು ಆ ಕಬ್ಬಿಣವನ್ನೇ. ಕಣದ ಆಯುಷ್ಯ ಸುಮಾರು 120 ದಿನ. ಬಲಿತ ಕೆಂಪು ಕಣಕ್ಕೆ ಕೋಶಕೇಂದ್ರವೇ ಇರುವುದಿಲ್ಲ. ಹಾಗಾಗಿ ಒಳಗಿನ ಒಂದು ಸಲಕರಣೆ ಕೆಟ್ಟರೆ ಹೊಸದು ಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಕೆಟ್ಟದ್ದು ಸಾಯುವತನಕ ಕೆಟ್ಟೇ ಇರುತ್ತದೆ.

ಉಸಿರಿನಲ್ಲಿ ಬಂದ ಸೀಸವಾಗಲಿ, ಊಟದಲ್ಲಿ ಬಂದದ್ದಾಗಲಿ, ರಕ್ತಕ್ಕೆ ಇಳಿದ ಮೇಲೆ ಅದರ ಶೇ 95ಕ್ಕೂ ಹೆಚ್ಚು ಪಾಲು ಕೆಂಪು ಕಣಗಳ ಒಳಗೇ ಸೇರಿಕೊಳ್ಳುತ್ತದೆ. ಅಲ್ಲಿ ಅದರ ಮೊದಲ ಗುರಿ ಅಲಾಡ್ ಎಂಬ ಕಿಣ್ವ. ಹೀಮ್ ತಯಾರಿಯ ಎರಡನೆಯ ಹಂತ ಇದರದು. ಕೆಲಸ ಮಾಡಲು ಇದಕ್ಕೆ ಸತು ಬೇಕು. ಸೀಸ ಬಂದು ಸತುವನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಹೀಮ್ ಆಗಬೇಕಿದ್ದ ಕಚ್ಚಾವಸ್ತು ರಾಶಿ ಬಿದ್ದು ಮೂತ್ರದಲ್ಲಿ ಹರಿದುಹೋಗುತ್ತದೆ. ಡೆಸಿಲೀಟರ್ ರಕ್ತದಲ್ಲಿ 10 ಮೈಕ್ರೋಗ್ರಾಂಗಿಂತ ಕಡಿಮೆ ಸೀಸವಿದ್ದಾಗಲೇ ಈ ಕಿಣ್ವ ಮಂಕಾಗುತ್ತದೆ. ರಕ್ತಹೀನತೆ ಕಣ್ಣಿಗೆ ಕಾಣುವಷ್ಟಾಗಲು 40-50 ಮೈಕ್ರೋಗ್ರಾಂ ಆಗಬೇಕು. ಅಂದರೆ ಹಿಮೋಗ್ಲೋಬಿನ್ ಮೀಟರಿಗೆ ತಿಳಿಯುವ ಹೊತ್ತಿಗೆ ಸೀಸ ಒಳಗೆ ಬಹಳ ದಿನ ಸಂಸಾರ ಮಾಡಿ ಮುಗಿದಿರುತ್ತದೆ.

ಎರಡನೆಯ ಪೆಟ್ಟು ಕೊನೆಯ ಹಂತದ್ದು. ತಯಾರಾದ ಉಂಗುರದೊಳಗೆ ಕಬ್ಬಿಣವನ್ನು ಕೂರಿಸುವ ಫೆರೋಕಿಲೇಟೇಸ್ ಎಂಬ ಕಿಣ್ವವನ್ನೂ ಸೀಸ ತಡೆಯುತ್ತದೆ. ಹಡಗಲಿಯ ಮಲ್ಲಿಗೆ ಕಟ್ಟುವವರಿಗೆ ಹೇಳುವುದಾದರೆ, ಹೂವಿದೆ, ದಾರವಿದೆ, ಕಟ್ಟುವ ಬೆರಳು ಮರಗಟ್ಟಿದೆ. ಕಬ್ಬಿಣ ಸಿಗದ ಉಂಗುರ ಸತುವನ್ನು ಹಿಡಿದುಕೊಂಡು ಜಿಂಕ್ ಪ್ರೋಟೋಪಾರ್ಫಿರಿನ್ ಆಗುತ್ತದೆ. ಇದರ ಮೇಲೆ ನೇರಳೆ ಬೆಳಕು ಬಿಟ್ಟರೆ ಕೆಂಪಾಗಿ ಹೊಳೆಯುತ್ತದೆ; ಆ ಹೊಳಪನ್ನು ಅಳೆದೇ ಹಿಂದೆ ಕಾರ್ಮಿಕರಲ್ಲಿ ಸೀಸದ ಪತ್ತೆ ಮಾಡುತ್ತಿದ್ದರು. ಮೋಸ ಇರುವುದೂ ಇಲ್ಲೇ. ಮೈಯಲ್ಲಿ ಕಬ್ಬಿಣವೇ ಕಡಿಮೆ ಇದ್ದರೂ ಇದೇ ವಸ್ತು ಏರುತ್ತದೆ. ಕಬ್ಬಿಣ ಇಲ್ಲದ್ದಕ್ಕೂ, ಕಬ್ಬಿಣ ಇದ್ದೂ ಸೀಸ ಬಿಡದ್ದಕ್ಕೂ ರಕ್ತ ಕೊಡುವ ಗುರುತು ಒಂದೇ. ವೈದ್ಯರು ಮೊದಲನೆಯದನ್ನೇ ಊಹಿಸುತ್ತಾರೆ, ಹತ್ತಕ್ಕೆ ಒಂಬತ್ತು ಸಲ ಅವರ ಊಹೆ ಸರಿಯಾಗಿಯೂ ಇರುತ್ತದೆ. ನನ್ನ ಚಿಂತೆ ಆ ಹತ್ತನೆಯವರದು.

ಸೂಕ್ಷ್ಮದರ್ಶಕದ ಕೆಳಗೆ ಇನ್ನೊಂದು ಸುಳಿವು ಸಿಗುತ್ತದೆ. ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿಯನ್ನು ತೆಳ್ಳಗೆ ಎಳೆದು ಬಣ್ಣ ಹಾಕಿ ನೋಡಿದರೆ ಆರೋಗ್ಯವಂತರ ಕೆಂಪು ಕಣ ನುಣ್ಣಗೆ, ನಡುವೆ ತುಸು ತಿಳಿಯಾಗಿ ಕಾಣುತ್ತದೆ. ಸೀಸ ಏರಿದವರಲ್ಲಿ ಹಲವು ಕಣಗಳು ಬಿಳಿಚಿಕೊಂಡು, ಮೈತುಂಬ ನೀಲಿ ಚುಕ್ಕೆ ಎರಚಿದಂತಿರುತ್ತವೆ. ಕಣ ಬಲಿಯುವಾಗ ಉಳಿದ ಆರ್‌ಎನ್‌ಎ ಚೂರುಗಳನ್ನು ಗುಡಿಸಿ ಹಾಕುವ ಕಿಣ್ವವೊಂದಿದೆ. ಸೀಸ ಅದನ್ನೂ ನಿಲ್ಲಿಸುವುದರಿಂದ ಆ ಕಸ ಗಂಟುಗಂಟಾಗಿ ಅಲ್ಲೇ ಉಳಿಯುತ್ತದೆ. ಈ ಚುಕ್ಕೆ ತಲಸ್ಸೀಮಿಯಾದಲ್ಲೂ ಬರಬಹುದು, ಸೀಸವಿದ್ದೂ ಬರದೆ ಇರಬಹುದು. ಆದರೂ ತಾಲ್ಲೂಕು ಮಟ್ಟದ ಪ್ರಯೋಗಾಲಯದ ತಂತ್ರಜ್ಞ ಕಣ್ಣಿಟ್ಟು ನೋಡಿದರೆ ಖರ್ಚಿಲ್ಲದೆ ಸಿಗುವ ಸುಳಿವು ಇದು. ಇಂಥ ಕಣಗಳ ಹೊರಪೊರೆ ಬಿರುಸಾಗಿ, ಅವು ಬೇಗ ಒಡೆದು 120 ದಿನ ತುಂಬುವ ಮೊದಲೇ ಸಾಯುತ್ತವೆ. ಹುಟ್ಟು ಕಡಿಮೆ, ಸಾವು ಹೆಚ್ಚು.

ನಮ್ಮ ನಾಡಿನಲ್ಲಿ ಸೀಸದ ಈ ಕಾಟವನ್ನು ದೊಡ್ಡ ದನಿಯಲ್ಲಿ ಹೇಳಿದ ಊರು ಬೆಂಗಳೂರು. ಎಂಜಿನ್ ಬಡಿತ ತಗ್ಗಲೆಂದು ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದ ಕಾಲ ಅದು. ಜಾರ್ಜ್ ಫೌಂಡೇಶನ್ ಎಂಬ ಸಂಸ್ಥೆ ಬೆಂಗಳೂರು, ಚೆನ್ನೈ, ಮುಂಬೈ, ದೆಹಲಿ ಸೇರಿ ಏಳು ನಗರಗಳಲ್ಲಿ 20 ಸಾವಿರಕ್ಕೂ ಹೆಚ್ಚು ಜನರ, ಬಹುಪಾಲು ಮಕ್ಕಳ, ರಕ್ತ ಪರೀಕ್ಷಿಸಿ 1999ರಲ್ಲಿ ವರದಿ ಕೊಟ್ಟಿತು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ ಡೆಸಿಲೀಟರ್‌ಗೆ 10 ಮೈಕ್ರೋಗ್ರಾಂ ದಾಟಿತ್ತು. ಈ ಕೆಲಸದ ವೈಜ್ಞಾನಿಕ ಬೆನ್ನೆಲುಬಾಗಿದ್ದವರು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್. ಸೀಸದ ವಿಷಕ್ಕೆಂದೇ ರಾಷ್ಟ್ರೀಯ ರೆಫರಲ್ ಕೇಂದ್ರ ಕಟ್ಟಿದವರು. ದೇಶದ ಲೆಡ್ ಮ್ಯಾನ್ ಎಂದೇ ಪತ್ರಿಕೆಗಳು ಅವರನ್ನು ಕರೆದವು. 2000ದ ಫೆಬ್ರುವರಿ 1ರಿಂದ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಮಾತ್ರೆಯಿಲ್ಲ, ಚುಚ್ಚುಮದ್ದಿಲ್ಲ, ಒಂದು ಆದೇಶದಿಂದ ಕೋಟ್ಯಂತರ ಮಕ್ಕಳ ರಕ್ತಕ್ಕೆ ಒಳ್ಳೆಯದಾಯಿತು. ಇದಕ್ಕಿಂತ ಅಗ್ಗದ ಆರೋಗ್ಯ ಯೋಜನೆ ನನಗೆ ತಿಳಿದಂತೆ ಇನ್ನೊಂದಿಲ್ಲ.

ಪೆಟ್ರೋಲಿನದು ಮುಗಿಯಿತು, ಸೀಸದ್ದು ಮುಗಿಯಲಿಲ್ಲ. ಮಂಗಳೂರಿನಲ್ಲಿ ಶಾಲಾ ಮಕ್ಕಳ ರಕ್ತ ಪರೀಕ್ಷೆ ಮಾಡಿ, ಸೀಸ ಬಹಳ ಹೆಚ್ಚಿದ್ದ ಮಕ್ಕಳ ಮನೆ-ಶಾಲೆಗಳಿಗೆ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಉಪಕರಣ ಒಯ್ದು ಮೂಲ ಹುಡುಕಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ವೆಂಕಟೇಶ್ ಅದರಲ್ಲೂ ಇದ್ದರು. ಗಮನಿಸಬೇಕಾದದ್ದು ಅವರ ಕ್ರಮ. ಮಗುವಿನ ರಕ್ತ ನೋಡಿ ಮದ್ದು ಬರೆದು ಕೂರಲಿಲ್ಲ, ಮಗು ಬದುಕುವ ಜಾಗಕ್ಕೆ ಹೋದರು.

ಬೆಂಗಳೂರು, ಮಂಗಳೂರಿನ ಸುದ್ದಿ ಹೊಳಲಿಗೆ ಯಾಕೆ ಎನ್ನಬಹುದು. ತುಂಗಭದ್ರೆಯ ಕಡೆಯ, ಮೈಲಾರಕ್ಕೆ ದೂರವಿಲ್ಲದ, ಏಕಶಿಲೆಯ ಅನಂತಶಯನನಿಂದ ಹೆಸರಾದ ಊರದು. ಕಾರ್ಖಾನೆಯ ಹೊಗೆಗಲ್ಲ, ಜೋಳ, ಮೆಕ್ಕೆಜೋಳದ ಹೊಲಕ್ಕೆ ಪರಿಚಿತವಾದ ಸೀಮೆ. ಆದರೆ ಇದು ಗುಳೆ ಹೋಗುವ ಸೀಮೆಯೂ ಹೌದು. ಹರಪನಹಳ್ಳಿ, ಕೂಡ್ಲಿಗಿ ಕಡೆಯ ಜನ ಮಳೆ ಕೈಕೊಟ್ಟ ವರ್ಷ ಮಲೆನಾಡಿನ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಮಕ್ಕಳನ್ನು ಕಟ್ಟಿಕೊಂಡು ಹೋಗುತ್ತಾರೆ. ಹಳೇ ಬಾಗಿಲ ಬಣ್ಣ ಉಜ್ಜಿ ತೆಗೆಯುವ ಕೆಲಸ, ಗುಜರಿ ಆಯುವ ಕೆಲಸ, ಗ್ಯಾರೇಜಿನಲ್ಲಿ ಬ್ಯಾಟರಿ ಕಳಚುವ ಕೆಲಸ: ಪಟ್ಟಣದಲ್ಲಿ ಬಡವನಿಗೆ ಸುಲಭವಾಗಿ ಸಿಗುವುದು ಸೀಸದ ಪಕ್ಕದ ಕೆಲಸಗಳೇ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮುಂಚೆ ಬಳಿದ ಬಣ್ಣ ಇನ್ನೂ ಗೋಡೆಯ ಮೇಲಿದೆ, ಅದನ್ನು ಉಜ್ಜುವವನ ಅಂಗಿಯ ಮೇಲೆ ಧೂಳಾಗಿ ಮಗುವಿನ ಹಾಸಿಗೆಗೆ ಬರುತ್ತದೆ.

ಬ್ಯಾಟರಿಯಂತೂ ಈಗ ಹಳ್ಳಿಯ ವಸ್ತುವೇ. ಟ್ರ್ಯಾಕ್ಟರಿನದು, ಇನ್ವರ್ಟರಿನದು, ಆಟೊದ್ದು. ಸತ್ತ ಬ್ಯಾಟರಿಯನ್ನು ಮಾರಾಟಗಾರನಿಗೇ ಹಿಂದಿರುಗಿಸಬೇಕೆಂಬ ನಿಯಮ 2001ರಲ್ಲೇ ಬಂದಿತ್ತು, 2022ರಲ್ಲಿ ಹೊಸ ನಿಯಮವೂ ಬಂತು. ಆದರೆ ಒಡೆದು ಸೀಸ ಕರಗಿಸಿದರೆ ನಾಲ್ಕು ಕಾಸು ಸಿಗುತ್ತದೆ. ಬೀಸುಬಲೆಯ ಅಂಚಿಗೆ ಕಟ್ಟುವ ಗುಂಡು ಎರಕ ಹೊಯ್ಯಲೂ ಅದೇ ಬೇಕು. ಒಲೆಯ ಮೇಲೆ ಕರಗಿಸಿದರೆ ಏನಾದೀತು ಎಂಬುದಕ್ಕೆ ಆಫ್ರಿಕದ ಸೆನೆಗಲ್ ಉತ್ತರ ಕೊಟ್ಟಿದೆ. ಅಲ್ಲಿನ ತಿಯಾರಾಯ್ ಎಂಬಲ್ಲಿ ಬ್ಯಾಟರಿ ಒಡೆದ ಮಣ್ಣನ್ನು ಜನ ಮನೆಗೆ ತಂದು ಜರಡಿ ಹಿಡಿಯುತ್ತಿದ್ದರು. 2007ರ ನವೆಂಬರಿನಿಂದ 2008ರ ಮಾರ್ಚ್ ನಡುವೆ 18 ಮಕ್ಕಳು ಸತ್ತರು.

ಇನ್ನು ಅಡುಗೆಮನೆ. ಕಲಾಯಿಯವನು ಓಣಿಯಲ್ಲಿ ಕುಣಿ ತೋಡಿ, ತಿದಿ ಒತ್ತಿ ಇದ್ದಿಲು ಕೆಂಡ ಮಾಡಿ, ಹಿತ್ತಾಳೆ ಹಂಡೆ ಕಾಯಿಸಿ, ನವಸಾಗರದ ಪುಡಿ ಎರಚಿದೊಡನೆ ಬಿಳಿ ಹೊಗೆ ಏಳುತ್ತಿತ್ತು. ಆಮೇಲೆ ತವರದ ಕಡ್ಡಿ ತಾಗಿಸಿ ಅರಳೆಯಿಂದ ಒಂದು ಸುತ್ತು ಒರೆಸಿದರೆ ಒಳಮೈ ಬೆಳ್ಳಿ. ನೋಡಲು ಚೆಂದ. ಶುದ್ಧ ತವರವಾದರೆ ತೊಂದರೆಯಿಲ್ಲ. ತವರ ದುಬಾರಿ, ಸೀಸ ಅಗ್ಗ, ಬೆರೆಸಿದರೆ ಬೇಗ ಕರಗುತ್ತದೆ ಕೂಡ. ಆ ಬೆರಕೆಯ ಮೇಲೆ ಹುಣಿಸೆಹುಳಿ ಕುದಿಸಿದರೆ ಸೀಸ ಸಾರಿಗೆ ಇಳಿಯುತ್ತದೆ. ಕಲಾಯಿಯವರು ಕಡಿಮೆಯಾದರು ಎಂದು ನೆಮ್ಮದಿಯಾಗುವ ಹಾಗಿಲ್ಲ. ಹಿತ್ತಾಳೆ ಪಾತ್ರೆ ಆರೋಗ್ಯಕ್ಕೆ ಒಳ್ಳೆಯದೆಂಬ ಹೊಸ ಷೋಕಿಯಲ್ಲಿ ಪಟ್ಟಣದವರು ಅದನ್ನು ಮತ್ತೆ ಕೊಳ್ಳುತ್ತಿದ್ದಾರೆ. ಗುಜರಿ ಕರಗಿಸಿ ಎರಕ ಹೊಯ್ದ ಅಗ್ಗದ ಅಲ್ಯೂಮಿನಿಯಂ ಪಾತ್ರೆಗಳಲ್ಲೂ ಸೀಸ ಸಿಕ್ಕಿದೆ. ಕಣ್ಣಿಗೆ ಹಚ್ಚುವ ಸುರಮದಲ್ಲಿ, ಕೆಲವು ಸಿಂಧೂರಗಳಲ್ಲಿ, ನಾಗಭಸ್ಮ ಸೇರಿದ ಔಷಧಿಗಳಲ್ಲಿ ಸಿಗುತ್ತದೆ. ನಾಗಭಸ್ಮ ಅಂದರೆ ಸೀಸದ ಭಸ್ಮವೇ. ಅರಿಸಿನದ ಹೊಳಪಿಗೆ ಸೀಸದ ಕ್ರೋಮೇಟ್ ಬಳಿಯುವ ಚಾಳಿ ಬಾಂಗ್ಲಾದೇಶದಲ್ಲಿ ಎಷ್ಟಿತ್ತೆಂದರೆ 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ಶೇ 47ರಲ್ಲಿ ಅದು ಇತ್ತು. ಸರ್ಕಾರ ದಾಳಿ ಮಾಡಿ, ದಂಡ ಹಾಕಿ, ಊರೂರಿಗೆ ತಿಳಿಹೇಳಿ 2021ಕ್ಕೆ ಸೊನ್ನೆಗೆ ಇಳಿಸಿತು. ಮನಸ್ಸು ಮಾಡಿದರೆ ಎರಡು ವರ್ಷ ಸಾಕು.

ಈಗ ಕೆಂಪು ಮಾತ್ರೆಗೂ ಸೀಸಕ್ಕೂ ಇರುವ ನಂಟಿನ ಮಾತು. ನಮ್ಮ ಕರುಳಿನ ಗೋಡೆಯಲ್ಲಿ ಕಬ್ಬಿಣವನ್ನು ಒಳಗೆ ಸಾಗಿಸುವ ಪ್ರೋಟೀನ್ ಇದೆ. ಮೈಯಲ್ಲಿ ಕಬ್ಬಿಣ ಕಡಿಮೆಯಾದಾಗ ಕರುಳು ಇದನ್ನು ಹೆಚ್ಚು ಮಾಡಿಕೊಳ್ಳುತ್ತದೆ, ಸಿಕ್ಕಷ್ಟನ್ನೂ ಬಾಚಿಕೊಳ್ಳೋಣ ಎಂದು. ಆದರೆ ಆ ಪ್ರೋಟೀನಿಗೆ ಕಬ್ಬಿಣ ಯಾವುದು, ಸೀಸ ಯಾವುದು ಎಂಬ ಭೇದ ಚೆನ್ನಾಗಿ ತಿಳಿಯದು. ಹಾಗಾಗಿ ಹೊಟ್ಟೆಗೆ ಹೋದ ಅಷ್ಟೇ ಸೀಸದಲ್ಲಿ ಹೆಚ್ಚು ಪಾಲು ರಕ್ತಕ್ಕೆ ಇಳಿಯುವುದು ಕಬ್ಬಿಣ ಕಡಿಮೆ ಇರುವ ಮಗುವಿಗೇ. ಸುಣ್ಣದಂಶ ಕಡಿಮೆಯಿದ್ದರೂ ಹಾಗೆಯೇ. ನೂರರಲ್ಲಿ ಅರುವತ್ತೈದು ಮಕ್ಕಳಿಗೆ ರಕ್ತಹೀನತೆ ಇರುವ ರಾಜ್ಯದಲ್ಲಿ ಸೀಸಕ್ಕೆ ಬಾಗಿಲು ಎಷ್ಟು ಅಗಲವಾಗಿ ತೆರೆದಿದೆ ಎಂದು ಲೆಕ್ಕ ಹಾಕಿ. ಇದೇ ಕಾರಣಕ್ಕೆ ಸೀಸದ ಅನುಮಾನವಿದೆ ಎಂದು ಕಬ್ಬಿಣದ ಮಾತ್ರೆ ಬಿಡುವುದು ದಡ್ಡತನ. ಮಾತ್ರೆ, ಶಾಲೆಯ ಹಾಲು, ಮೊಟ್ಟೆ ಮೂರೂ ಸೀಸದ ಎದುರು ಕಾವಲೇ. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ 2020ರ ವರದಿಯ ಅಂದಾಜಿನಂತೆ ಭಾರತದಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ದಾಟಿದೆ. ವಿಶ್ವ ಆರೋಗ್ಯ ಸಂಸ್ಥೆ ಮೂಲ ಹುಡುಕಿ ಎಂದು ಹೇಳುವ ಮಟ್ಟ ಅದೇ. ಇಷ್ಟಾದರೆ ಅಪಾಯವಿಲ್ಲ ಎನ್ನುವ ಮಟ್ಟ ಮಾತ್ರ ಯಾವುದೂ ಇಲ್ಲ, ಏಕೆಂದರೆ ರಕ್ತಕ್ಕೆ ಪೆಟ್ಟು ಬೀಳುವ ಮೊದಲೇ ಮಗುವಿನ ಮಿದುಳಿಗೆ ಬಿದ್ದಿರುತ್ತದೆ.

ಉಳಿದ ಲೋಹಗಳ ರೀತಿ ಬೇರೆ ಬೇರೆ. ಆರ್ಸೆನಿಕ್ ನಮ್ಮ ರಾಜ್ಯದಲ್ಲೇ ಇದೆ: ಯಾದಗಿರಿ ಜಿಲ್ಲೆ ಸುರಪುರ ಸೀಮೆಯ ಕಿರದಳ್ಳಿ ತಾಂಡಾ ಬಳಿ ಹಳೇ ಚಿನ್ನದ ಗಣಿಯಿದ್ದ ಪ್ರದೇಶದ ಕೊಳವೆಬಾವಿಗಳಲ್ಲಿ ಲೀಟರಿಗೆ 303 ಮೈಕ್ರೋಗ್ರಾಂವರೆಗೂ ಸಿಕ್ಕಿತೆಂದು 2013ರ ಅಧ್ಯಯನ ಹೇಳಿತು. ಮಿತಿ 10. ಚರ್ಮದ ಕಲೆಗಳಿಂದ ಅಲ್ಲಿಯ ಸಂಕಟ ಹೊರಗೆ ಗೊತ್ತಾಯಿತು. ಇಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಮಜ್ಜೆ ಸೊರಗಿ ರಕ್ತಹೀನತೆ ಬರುವುದೂ ಉಂಟು. ಅದೇ ಆರ್ಸೆನಿಕ್ ಆಮ್ಲದ ಜತೆ ಸೇರಿ ಆರ್ಸೀನ್ ಅನಿಲವಾದರೆ ಕೆಲವೇ ಗಂಟೆಗಳಲ್ಲಿ ಕೆಂಪು ಕಣಗಳು ರಾಶಿರಾಶಿಯಾಗಿ ಒಡೆದು ಮೂತ್ರ ಕಪ್ಪುಗೆಂಪಾಗುತ್ತದೆ. ಲೋಹ ತೊಳೆಯುವ ಕೆಲಸದವರು ಹೀಗೆ ಸತ್ತದ್ದಿದೆ. ರೈತರ ಮನೆಯಲ್ಲಿರುವ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಹೊಟ್ಟೆಗೆ ಹೋದರೂ ಕಣ ಒಡೆಯುತ್ತದೆ. ಅದನ್ನು ಉಪ್ಪು-ಸಕ್ಕರೆಯ ಡಬ್ಬಿಯ ಸಾಲಿನಲ್ಲಿ ಇಡುವ ಪದ್ಧತಿ ಇಂದೇ ನಿಲ್ಲಬೇಕು. ಕ್ಯಾಡ್ಮಿಯಂ ಮೂತ್ರಪಿಂಡ ಕೆಡಿಸಿ, ರಕ್ತ ಹುಟ್ಟಿಸು ಎಂದು ಮಜ್ಜೆಗೆ ಹೇಳುವ ಹಾರ್ಮೋನನ್ನೇ ಕಡಿಮೆ ಮಾಡುತ್ತದೆ. ಕ್ರೋಮಿಯಂನದು ವಿಚಿತ್ರ. ಅದರ ವಿಷರೂಪ ಕೆಂಪು ಕಣದೊಳಗೆ ಸಲೀಸಾಗಿ ನುಗ್ಗಿ, ಒಳಗೆ ರೂಪ ಬದಲಿಸಿ, ಹೊರಬರಲಾಗದೆ ಕಣ ಸಾಯುವವರೆಗೆ ಅಲ್ಲೇ ಸಿಕ್ಕಿಬೀಳುತ್ತದೆ. ವೈದ್ಯರು ಇದೇ ಗುಣ ಬಳಸಿ, ವಿಕಿರಣ ಸೂಸುವ ಕ್ರೋಮಿಯಂ ಅತ್ಯಲ್ಪ ಸೇರಿಸಿ, ಕೆಂಪು ಕಣಗಳು ಎಷ್ಟು ದಿನ ಬದುಕುತ್ತವೆ ಎಂದು ಅಳೆದರು.

ಸೀಸಕ್ಕೆ ಮರಳುವೆ. ರಕ್ತದಲ್ಲಿ ಅದರ ಅರ್ಧ ಪ್ರಮಾಣ ಸುಮಾರು ಒಂದು ತಿಂಗಳಲ್ಲಿ ಇಳಿಯುತ್ತದೆ. ಹೋಯಿತು ಎಂದುಕೊಳ್ಳುವ ಹಾಗಿಲ್ಲ, ಮೂಳೆಗೆ ಹೋಗಿರುತ್ತದೆ. ದೊಡ್ಡವರ ಮೈಯ ಸೀಸದಲ್ಲಿ ಶೇ 90ಕ್ಕೂ ಹೆಚ್ಚು ಮೂಳೆಯಲ್ಲಿ ಹತ್ತಾರು ವರ್ಷ ಕೂರುತ್ತದೆ. ಬಾಲ್ಯದಲ್ಲಿ ಗುಳೆ ಹೋದಾಗ ಸೇರಿದ್ದು ಮದುವೆಯಾಗಿ ಬಸಿರಾದಾಗ, ಮಗುವಿನ ಮೂಳೆಗೆಂದು ತಾಯಿಯ ಮೂಳೆ ಕರಗುವಾಗ, ಸುಣ್ಣದಂಶದ ಜತೆ ಹೊರಬಂದು ಹೊಟ್ಟೆಯ ಕೂಸಿಗೆ ಸಿಗುತ್ತದೆ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಬರೆಯುವ ಸಾಲಿನ ಕೆಳಗೆ ಕಸುಬಿನ ಸಾಲೂ ಇರಬೇಕು ಎನ್ನುವುದು ಇದಕ್ಕೇ.

ಚಿಕಿತ್ಸೆಯಲ್ಲಿ ಮೊದಲನೆಯದು ಸೀಸದಿಂದ ಬಿಡಿಸುವುದು. ಎರಡನೆಯದು, ಮೂರನೆಯದು ಕೂಡ ಅದೇ. ಮಗುವಿನ ರಕ್ತದಲ್ಲಿ 45 ಮೈಕ್ರೋಗ್ರಾಂ ದಾಟಿದರೆ ಲೋಹವನ್ನು ಹಿಡಿದು ಮೂತ್ರಕ್ಕೆ ಹಾಕುವ ಔಷಧಿಗಳಿವೆ. ಅವನ್ನು ಕೊಡಬೇಕಾದವರು ಬಲ್ಲ ವೈದ್ಯರು, ಆಸ್ಪತ್ರೆಯಲ್ಲಿ. ಮೈಯ ವಿಷ ತೆಗೆಯುತ್ತೇವೆ ಎಂದು ಮೊಬೈಲಿನಲ್ಲಿ ಮಾರುವ ಪುಡಿ, ಪಾನಕಗಳಿಂದ ಹೋಗುವುದು ದುಡ್ಡು ಮಾತ್ರ. ಮದ್ದು ಕೊಟ್ಟು ಅದೇ ಬ್ಯಾಟರಿ ಒಡೆಯುವ ಅಂಗಳಕ್ಕೆ ಮಗುವನ್ನು ಕಳಿಸಿದರೆ ತಿಂಗಳಲ್ಲಿ ಮತ್ತೆ ಮೊದಲಿನಷ್ಟೇ.

ಇಟಲಿಯ ವೈದ್ಯ ರಮಾಝೀನಿ 1700ರಲ್ಲಿ ಕಾರ್ಮಿಕರ ರೋಗಗಳ ಬಗ್ಗೆ ಪುಸ್ತಕ ಬರೆದು, ರೋಗಿಯನ್ನು ಕೇಳುವ ಪ್ರಶ್ನೆಗಳ ಜತೆ ನಿನ್ನ ಕಸುಬೇನು ಎಂಬುದನ್ನೂ ಸೇರಿಸಿ ಎಂದು ತನ್ನ ಕಾಲದ ವೈದ್ಯರಿಗೆ ಹೇಳಿದ. ಮುನ್ನೂರು ವರ್ಷ ಕಳೆದಿದೆ, ನಮ್ಮ ಹೊರರೋಗಿ ಚೀಟಿಯಲ್ಲಿ ಹೆಸರು, ವಯಸ್ಸು, ಊರು ಮಾತ್ರ ಇದೆ. ಚೀಟಿ ಬದಲಾಗುವವರೆಗೆ ಕಾಯಬೇಡಿ. ಮೂರು ತಿಂಗಳು ಮಾತ್ರೆ ನುಂಗಿದ ಮೇಲೂ ರಕ್ತ ಏರದಿದ್ದರೆ, ಮಗುವಿಗೆ ಕಾರಣವಿಲ್ಲದೆ ಹೊಟ್ಟೆನೋವು, ಮಲಬದ್ಧತೆ, ಮಂಕು ಹಿಡಿದಿದ್ದರೆ, ಮನೆಯಲ್ಲಿ ಬ್ಯಾಟರಿ, ಬಣ್ಣ, ಗುಜರಿ, ಎರಕ, ಕಲಾಯಿ ಇವುಗಳಲ್ಲಿ ಯಾವುದರ ಕೆಲಸವಿದ್ದರೂ ವೈದ್ಯರು ಕೇಳದಿದ್ದರೂ ನೀವೇ ಹೇಳಿ. ರಕ್ತದಲ್ಲಿ ಸೀಸದ ಪ್ರಮಾಣ ಪರೀಕ್ಷಿಸಬಹುದೇ ಎಂದು ಕೇಳಿ. ಆ ಕೆಲಸದ ಬಟ್ಟೆ ಹೊರಗೇ ಬಿಚ್ಚಿ ಬೇರೆ ಒಗೆಯಿರಿ, ಉಣ್ಣುವ ಮೊದಲು ಕೈ ತೊಳೆಯಿರಿ, ಹಳೇ ಬ್ಯಾಟರಿಯನ್ನು ಒಡೆಯದೆ ಅಂಗಡಿಗೆ ವಾಪಸು ಕೊಡಿ. ಕೆಂಪು ಮಾತ್ರೆಯನ್ನು ಮಾತ್ರ ಬಿಡಬೇಡಿ.